ಒಂದು ಬಾಗಿಲು, ಇಬ್ಬರು ಬಾಡಿಗೆದಾರರು

ಗಜೇಂದ್ರಗಡದಲ್ಲಿ ನಮ್ಮ ಸಾವಕಾರ್ರ ಬಾಡಿಗೆ ಅಂಗಡಿಗಳ ಸಾಲಿನಲ್ಲಿ 'ಚಹಾದ ನಾರಾಯಣಪ್ಪನ ಅಂಗಡಿ' ಎಂಬುದೊಂದಿತ್ತು. ಅಲ್ಲಿ ಚಹಾ ಸಿಗುತ್ತಿರಲಿಲ್ಲ. ನಾರಾಯಣಪ್ಪನೂ ಸಿಗುತ್ತಿರಲಿಲ್ಲ. ಅವನು ಅಂಗಡಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವನ ನಂತರ ಒಬ್ಬ ಬಳೆಗಾರ ಬಂದ, ಆಮೇಲೆ ಸೈಕಲ್ ರಿಪೇರಿಯವ ಬಂದ, ಕಡೆಗೆ ಮೊಬೈಲ್ ರಿಪೇರಿಯ ಇರ್ಫಾನ ಬಂದು ಕೂತ. ಆದರೆ ನಮ್ಮ ಖಾತೆ ಪುಸ್ತಕದಲ್ಲಿ ಅದು ಚಹಾದ ನಾರಾಯಣಪ್ಪನ ಅಂಗಡಿಯೇ. ಪಾವತಿ ಚೀಟಿಯೂ ಅದೇ ಹೆಸರಿನಲ್ಲಿ ಹೋಗುತ್ತಿತ್ತು. ಇರ್ಫಾನನಿಗೆ ಅದರ ಬೇಸರವಿರಲಿಲ್ಲ. ನಾನು ಬಾಗಿಲಲ್ಲಿ ನಿಂತು "ನಾರಾಯಣಪ್ಪ ಅದಾನೇನು?" ಅಂದರೆ, ಒಳಗಿನಿಂದ "ಅದೀನ್ರಿ ಅಕ್ಕಾರ, ಬರ್ರಿ" ಅನ್ನುತ್ತಿದ್ದ.

ಬಾಡಿಗೆ ಕಚೇರಿಯ ಕೆಲಸಕ್ಕೆ ಈಗ ಸೇರುವವರಿಗೆ ಇದು ನಗೆಯ ಮಾತು ಅನ್ನಿಸಬಹುದು. ನಮಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ನಗುವ ಸಂಗತಿಗಳು ಶುರುವಾದದ್ದು ಕಂಪ್ಯೂಟರ್ ಬಂದ ಮೇಲೆ.

ನಾನು ಜಕ್ಕಲಿಯವಳು. ದಿನಾ ಮುಂಜಾನೆ ಬಸ್ಸು ಹತ್ತಿ ರೋಣಕ್ಕೆ ಬಂದು, ಸಾವಕಾರ ವೀರಬಸಪ್ಪನವರ ಬಾಡಿಗೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಮಾಡುತ್ತಿದ್ದೆ. ಸಾವಕಾರ್ರ ಹಿರಿಯರು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಲ್ಲಿ ಮನೆ, ಅಂಗಡಿ, ಗೋದಾಮು ಕಟ್ಟಿಸಿಟ್ಟು ಹೋಗಿದ್ದರು. ಅವುಗಳನ್ನು ಬಾಡಿಗೆಗೆ ಕೊಡುವುದು, ಬಿಡಿಸುವುದು, ಸೋರಿದರೆ ಹೆಂಚು ಹೊದಿಸುವುದು, ಜಗಳ ಬಂದರೆ ಬಿಡಿಸುವುದು ನಮ್ಮ ಕೆಲಸ. ಬಡ್ತಿಯ ಬಗ್ಗೆ ಬರೆಯೋಣವೆಂದರೆ ಆ ಕಚೇರಿಯಲ್ಲಿ ಇದ್ದದ್ದೇ ಮೂರು ಕುರ್ಚಿ. ಒಂದು ಸಾವಕಾರ್ರದು, ಒಂದು ಮ್ಯಾನೇಜರ್ ಗುರುಪಾದಪ್ಪನವರದು, ಉಳಿದದ್ದು ನನ್ನದು. ನಾನು ಮೇಲೆ ಹೋಗಬೇಕೆಂದರೆ ಅಟ್ಟಕ್ಕೇ ಹೋಗಬೇಕಾಗಿತ್ತು.

ಸಾವಕಾರ್ರಿಗೆ ಕಂಪ್ಯೂಟರ್ ಬೇಕು ಅನ್ನಿಸಿದ್ದು ಹುಬ್ಬಳ್ಳಿಯ ಒಂದು ಲಗ್ನದಲ್ಲಿ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಬೀಗರ ಕಿಸೆಯಲ್ಲಿ ಫೋನು ಟಿಣ್ ಅಂತಂತೆ. ಏನದು ಅಂದರೆ, ಬೀಗರು ಹೋಳಿಗೆ ಮುರಿಯುತ್ತಲೇ "ಬಾಡಿಗಿ ಬಂತ್ರಿ" ಅಂದರಂತೆ. ಮತ್ತೆ ಟಿಣ್. ಮತ್ತೆ ಬಾಡಿಗೆ. ಸಾವಕಾರ್ರಿಗೆ ಊಟ ಸೇರಲಿಲ್ಲ. ಮರುದಿನ ಕಚೇರಿಗೆ ಬಂದವರೇ ನನಗೆ ಹೇಳಿದರು:

"ಶಾಂತವ್ವಾ, ನಮಗೂ ಟಿಣ್ ಅನ್ನೂದು ಬೇಕು."

ಅದಕ್ಕೆ ಏನೇನು ಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಿಂದ ಪ್ರಶಾಂತ ಎಂಬ ಇಂಜಿನಿಯರ್ ಬಂದರು. ಬಹಳ ಮೆತ್ತಗಿನ ಮನುಷ್ಯ. ಕಂಪ್ಯೂಟರಿಗೆ ನೋವಾದೀತು ಅನ್ನುವ ಹಾಗೆ ಕೀಲಿಗಳನ್ನು ಒತ್ತುತ್ತಿದ್ದರು. ಮೊದಲ ದಿನ ನನ್ನೆದುರು ಕೂತು, "ಅಕ್ಕಾರ, ಜಾಗಾದ ನಂಬರ್ ಒಂದೊಂದ ಹೇಳ್ಕೋತ ಹೋಗ್ರಿ, ಹೊಡಕೋತೀನಿ" ಅಂದರು.

"ನಂಬರ್ ಇಲ್ರಿ."

"ಮತ್ತ ಹ್ಯಾಂಗ ಗುರ್ತ ಹಿಡಿತೀರಿ?"

ನಾನು ಪುಸ್ತಕ ನೋಡಿ ಓದಿದೆ. "ಗಿರಣಿ ಹಿಂದಿಂದು. ಬೇವಿನ ಗಿಡದ್ದು. ಬಾಗಲಾ ಕಿರ್ ಅನ್ನೂದು. ಚಿಕ್ಕವ್ವ ಬಿದ್ದದ್ದು."

"ಚಿಕ್ಕವ್ವ ಬಿದ್ದದ್ದು ಅಂದ್ರ?"

"ಸಾವಕಾರ್ರ ಚಿಕ್ಕವ್ವ ಅಲ್ಲಿ ಮೆಟ್ಟಲ ಮ್ಯಾಲಿಂದ ಬಿದ್ದಿದ್ರು."

"ಬೇವಿನ ಗಿಡ ಎಲ್ಲಿ ಬರ್ತೈತ್ರಿ?"

"ಅದನ್ನ ಕಡದು ಭಾಳ ದಿನಾ ಆತು."

ಪ್ರಶಾಂತ ಒಂದು ಗುಟುಕು ನೀರು ಕುಡಿದರು. ಆಮೇಲೆ, ಎಲ್ಲಾ ಜಾಗಕ್ಕೂ ನಂಬರ್ ಬರೆಸಲೇಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಅಂದರು.

ಒಬ್ಬ ಪೇಂಟರನನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋದೆವು. ಮೊದಲ ಅಂಗಡಿಯವರು ಒಂದು ಅಂತ ಬರೆಸಿಕೊಂಡರು, ಖುಷಿಪಟ್ಟರು. ಪಕ್ಕದ್ದು ಸೀರೆ ಅಂಗಡಿ. ಅದರ ಮಾಲೀಕರು ಪೇಂಟರನ ಕುಂಚ ಹಿಡಿದುಕೊಂಡೇ ಬಿಟ್ಟರು. "ನನ್ನ ಅಂಗಡಿ ಮ್ಯಾಲೆ ಎರಡನೇ ನಂಬರ್ ಅಂತ ಬರದ್ರ, ಜನಾ ಎರಡನೇ ನಂಬರ್ ಮಾಲು ಅನ್ನೂದಿಲ್ಲೇನ್ರಿ?" ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಅವರಿಗೆ ಮೂರು ಕೊಟ್ಟೆವು. ಮುಂದಿನವರಿಗೂ ಎರಡು ಬೇಡವಾಯಿತು. ಹೀಗೆ ಸಾಲು ಮುಗಿಯಿತು, ಎರಡು ಉಳಿದೇ ಹೋಯಿತು.

ಕಂಪ್ಯೂಟರಿಗೆ ಇದು ಸೇರಲಿಲ್ಲ. ದಿನಾ ಮುಂಜಾನೆ ತೆರೆದ ಕೂಡಲೇ ಕೆಂಪು ಅಕ್ಷರದಲ್ಲಿ 'ಅಂಗಡಿ ೨ ಕಾಣೆಯಾಗಿದೆ' ಅನ್ನುತ್ತಿತ್ತು. ನಮ್ಮ ಮ್ಯಾನೇಜರ್ ಗುರುಪಾದಪ್ಪನವರು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವರು. ಆ ಅಕ್ಷರ ನೋಡಿದವರೇ ಟೊಪ್ಪಿಗೆ ಹಾಕಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿಬಿಟ್ಟರು. ಸಂಜೆ ಬೆವರೊರೆಸಿಕೊಳ್ಳುತ್ತ ಬಂದು, "ಬಸ್ ಸ್ಟ್ಯಾಂಡ್‌ತನಾ ಹುಡುಕಿದೆ, ಎಲ್ಲೂ ಸಿಗಲಿಲ್ಲ" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಗುರುಪಾದಪ್ಪನವರ ಇನ್ನೊಂದು ಗುಣವನ್ನು ಇಲ್ಲೇ ಹೇಳಬೇಕು. ಯಾರು ಏನು ಕೇಳಿದರೂ ಅವರ ಬಾಯಲ್ಲಿ 'ಇಲ್ಲ' ಎಂಬ ಉತ್ತರವೇ ಬರುತ್ತಿರಲಿಲ್ಲ. ಚಹಾ ಆಗಿದೆಯೇ ಅಂದರೂ ಹೌದು, ಚಹಾ ಬೇಕೇ ಅಂದರೂ ಹೌದು. ಯಾರಿಗಾದರೂ ಇಲ್ಲ ಅನ್ನುವುದು ಅವರಿಗೆ ಬಾಗಿಲು ಮುಚ್ಚಿದಷ್ಟು ಅಮರ್ಯಾದೆ. ಮನುಷ್ಯರ ನಡುವೆ ಇದರಿಂದ ತೊಂದರೆಯಾಗುತ್ತಿರಲಿಲ್ಲ. ಎದುರಿನವರು ಅವರ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಪ್ರಶಾಂತ ಅವರ ಕೈಗೆ ಒಂದು ಫೋನು ಕೊಟ್ಟರು. ಬಾಡಿಗೆಯ ಜಾಗಕ್ಕೆ ಹೋಗುವುದು, ಫೋಟೋ ತೆಗೆಯುವುದು, ಫೋನು ಕೇಳುವ ಪ್ರಶ್ನೆಗಳಿಗೆ 'ಹೌದು' ಅಥವಾ 'ಇಲ್ಲ' ಒತ್ತುವುದು, ಇದಿಷ್ಟು ಕೆಲಸ.

ಅವರು ಮೊದಲು ಹೋದದ್ದು ನರಗುಂದಕ್ಕೆ. ಅಲ್ಲಿ ಗುಡ್ಡದ ಬುಡದ ಓಣಿಯಲ್ಲಿ ನಮ್ಮದೊಂದು ಮನೆ. ಅದರಲ್ಲಿ ಕನ್ನಡ ಸಾಲಿ ಮಾಸ್ತರರಾಗಿ ನಿವೃತ್ತರಾದ ವೆಂಕಟರಾಯರು ಇದ್ದರು. ಗುರುಪಾದಪ್ಪನವರನ್ನು ಒಳಗೆ ಕರೆದು, ಅವಲಕ್ಕಿ ಕೊಟ್ಟು, ಚಹಾ ಕೊಟ್ಟು ಮಾತಾಡಿಸಿದರು. ಗುರುಪಾದಪ್ಪನವರು ಚಹಾ ಕುಡಿಯುತ್ತ ಪ್ರಶ್ನೆಗಳನ್ನು ಮುಗಿಸಿದರು. ಮನೆ ಸೋರುತ್ತಿದೆಯೇ? ಹೌದು. ಗೋಡೆ ಬಿರುಕು ಬಿಟ್ಟಿದೆಯೇ? ಹೌದು. ಬಾಡಿಗೆದಾರರು ನಿಧನರಾಗಿದ್ದಾರೆಯೇ? ಅದಕ್ಕೂ ಹೌದು.

ಎರಡು ದಿನದ ಮೇಲೆ ವೆಂಕಟರಾಯರು ಬಸ್ಸಿನಲ್ಲಿ ರೋಣಕ್ಕೆ ಬಂದು, ನನ್ನ ಟೇಬಲ್ ಎದುರು ಕೂತು, ಕನ್ನಡಕ ಒರೆಸಿಕೊಂಡು, ಫೋನು ತೆಗೆದರು.

"ಶಾಂತಾಬಾಯಿ, ನಿಮ್ಮ ಆಫೀಸಿಂದ ಒಂದು ಸಂದೇಶ ಬಂದದ. 'ಶ್ರೀ ವೆಂಕಟರಾಯರ ನಿಧನದಿಂದ ನಮಗೆ ಅತೀವ ದುಖವಾಗಿದೆ' ಅಂತ."

ನಾನು ಎದ್ದು ನಿಂತೆ. "ಮಾಸ್ತರ, ತಪ್ಪಾಗೇತ್ರಿ, ದಯವಿಟ್ಟು..."

"ತಪ್ಪಾಗ್ಯದ ಅಂತನ ನಾನೂ ಹೇಳಾಕತ್ತೀನಿ. ದುಃಖ ಅನ್ನೂದ್ರಾಗ ವಿಸರ್ಗ ಬಿಟ್ಟೀರಿ. ಉಳಿದಿದ್ದೆಲ್ಲಾ ಭಾಳ ಚಲೋ ಅದ. ಇಷ್ಟು ಮರ್ಯಾದಿಯಿಂದ ನನಗ ಯಾರೂ ಬರದಿದ್ದಿಲ್ಲ. ಆದ್ರ ಸತ್ತವರ ವಿಷಯ ಬರಿಯೂಮುಂದ ವಿಸರ್ಗ ಬಿಡಬಾರದು ನೋಡ್ರಿ."

ವಿಸರ್ಗ ಸೇರಿಸುವುದು ಸುಲಭವಾಗಿತ್ತು. ಮಾಸ್ತರರನ್ನು ಬದುಕಿಸುವುದು ಆಗಲಿಲ್ಲ. ಪ್ರಶಾಂತರಿಗೆ ಫೋನು ಹಚ್ಚಿದರೆ, "ಅಕ್ಕಾರ, ನಿಧನ ಅಂತ ಹಾಕಿದ ಮ್ಯಾಲೆ ವಾಪಸ್ ಬರೂದಕ್ಕ ದಾರಿ ಇಟ್ಟಿಲ್ರಿ. ಯಾರೂ ಬರೂದಿಲ್ಲ ಅಂದ್ಕೊಂಡಿದ್ವಿ" ಅಂದರು. ಸಾವಕಾರ್ರಿಗೆ ಹೇಳಿದರೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಕಂಪ್ಯೂಟರ್ ಸುಳ್ಳು ಹೇಳೂದಿಲ್ಲವಾ. ಒಮ್ಮೆ ದವಾಖಾನಿಗೆ ತೋರಿಸ್ಕೋರಿ ಅಂತ ಮಾಸ್ತರಗ ಹೇಳು." ಕಡೆಗೆ ವೆಂಕಟರಾಯರನ್ನು ಹೊಸ ಬಾಡಿಗೆದಾರರು ಅಂತ ಮತ್ತೊಮ್ಮೆ ಬರೆದುಕೊಂಡೆ. ಅವರು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ 'ನಮ್ಮ ಮನೆಗೆ ಸ್ವಾಗತ' ಎಂಬ ಸಂದೇಶ ಹೋಯಿತು. ಅದರಲ್ಲಿ ಕಾಗುಣಿತ ಸರಿಯಾಗಿತ್ತು ಅಂತ ಅವರೇ ಫೋನು ಮಾಡಿ ತಿಳಿಸಿದರು.

ಇಷ್ಟರ ತನಕ ನಗುತ್ತಲೇ ಕೆಲಸ ಮಾಡಿದೆವು. ನಗು ನಿಂತದ್ದು ದಸ್ತಗೀರಸಾಬರ ಪ್ರಕರಣದಲ್ಲಿ.

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನಮ್ಮದೊಂದು ಉದ್ದನೆಯ ಪಡಸಾಲೆ ಇತ್ತು. ರಸ್ತೆಗೆ ಒಂದೇ ಬಾಗಿಲು. ದಸ್ತಗೀರಸಾಬರು ಲಗ್ನಗಳಿಗೆ ಹೋಗುವ ಬ್ಯಾಂಡ್ ಕಂಪನಿಯ ಮಾಸ್ತರ. ಪಡಸಾಲೆಯ ಮುಂದಿನ ಅರ್ಧದಲ್ಲಿ ಡೋಲು, ತುತ್ತೂರಿ, ಕ್ಲಾರಿನೆಟ್, ಕೆಂಪು ಕೋಟುಗಳು. ಹಿಂದಿನ ಅರ್ಧದಲ್ಲಿ ಸಂಸಾರ. ಮಕ್ಕಳು ಲಗ್ನವಾಗಿ ಬೇರೆ ಊರಿಗೆ ಹೋಗಿದ್ದರು, ಇದ್ದವರು ಗಂಡ ಹೆಂಡತಿ ಇಬ್ಬರೇ. ನಡುವೆ ಒಂದು ಹಳೆಯ ಸೀರೆಯ ಪರದೆ.

ಕಂಪ್ಯೂಟರ್ ಕೇಳಿತು: ವಾಸವೋ, ವ್ಯಾಪಾರವೋ? ಎರಡೂ ಅನ್ನಲು ಅದು ಬಿಡಲಿಲ್ಲ. ವಾಸ ಅಂದರೆ ಬಾಗಿಲ ಮೇಲಿನ ಬ್ಯಾಂಡಿನ ಬೋರ್ಡು ತೆಗೆಸಬೇಕು. ವ್ಯಾಪಾರ ಅಂದರೆ ಒಲೆ ಹಚ್ಚುವ ಹಾಗಿಲ್ಲ. ಪ್ರಶಾಂತ ಯೋಚನೆ ಮಾಡಿ, "ನಡಕ ಒಂದು ಗೋಡಿ ಐತಿ ಅಂತ ತಿಳ್ಕೊಂಡು ಎರಡ ಜಾಗಾ ಮಾಡಿಬಿಡೂಣ್ರಿ" ಅಂದರು. ಆದರೆ ಅಂಗಡಿ ಹಾಕಿದ ದಸ್ತಗೀರಸಾಬರ ಹೆಸರಿಗೇ ಮನೆಯನ್ನೂ ಹಾಕಲು ಹೋದರೆ ಕಂಪ್ಯೂಟರ್ 'ಈ ವ್ಯಕ್ತಿ ಈಗಾಗಲೇ ಇದ್ದಾರೆ' ಅಂತು. ಮನೆಯನ್ನು ಅವರ ಹೆಂಡತಿ ಹುಸೇನಬಿಯ ಹೆಸರಿಗೆ ಹಾಕೋಣ ಅಂತ ನಾನು ಹೇಳಿದೆ. ದಸ್ತಗೀರಸಾಬರು ನಕ್ಕು, "ಹಾಕ್ರಿ ಅಕ್ಕಾರ, ಎಲ್ಲಿ ಓಡಿ ಹೋಗ್ತೈತಿ?" ಅಂದರು.

ಸಹಿ ಮಾಡಲು ಹುಸೇನಬಿ ರೋಣಕ್ಕೆ ಬಂದಳು. ಗಟ್ಟಿಮುಟ್ಟಾದ ಹೆಂಗಸು. ಮಾತು ಕಡಿಮೆ. ಪಾವತಿ ಚೀಟಿಯಲ್ಲಿ ತನ್ನ ಹೆಸರಿನ ಕೆಳಗೆ ಬೆರಳಿಟ್ಟು ಓದಿದಳು. ಆಮೇಲೆ ಪ್ರಶಾಂತರನ್ನು ಕೇಳಿದಳು:

"ಗೋಡಿ ಎಲ್ಲಿ ಬರ್ತೈತ್ರಿ?"

ಪ್ರಶಾಂತ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಅವಳು ಕನ್ನಡಕ ಸರಿಮಾಡಿಕೊಂಡು ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಊರಿಗೆ ಹೋದವಳೇ ಪಡಸಾಲೆಯ ನಟ್ಟನಡುವೆ ಅಷ್ಟೇ ನೆಟ್ಟಗೆ ಸುಣ್ಣದ ಗೆರೆ ಎಳೆದಳು.

ಎಂಟು ದಿನವೂ ಆಗಿರಲಿಲ್ಲ, ದಸ್ತಗೀರಸಾಬರು ಕಚೇರಿಗೆ ಬಂದರು. ಮುಖ ಬಾಡಿತ್ತು.

"ಅಕ್ಕಾರ, ನಿಮ್ಮ ಕಂಪ್ಯೂಟರ್ ನನ್ನ ಸಂಸಾರದಾಗ ಗೋಡಿ ಕಟ್ಟೇತ್ರಿ."

"ಏನಾತ್ರಿ?"

"ದೊಡ್ಡ ಡೋಲು ಗೆರಿ ಆ ಕಡೆ ಹೋದ್ರ, 'ಇದು ವ್ಯಾಪಾರದ ಸಾಮಾನು' ಅಂತ ಈ ಕಡೆ ಉಳ್ಳಸ್ತಾಳ. ಕ್ಲಾರಿನೆಟ್ ಹಿಡಕೊಂಡು ಒಳಗ ಹೋದ್ರ 'ಇದು ವಾಸದ ಜಾಗಾ' ಅಂತಾಳ. ಊಟಾ ಗೆರಿ ಮ್ಯಾಲಿಂದ ಕೊಡ್ತಾಳ್ರಿ, ಖಾನಾವಳಿಯಾಗ ಪಾರ್ಸಲ್ ಕೊಟ್ಟಂಗ."

ನನಗೆ ನಗು ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ. ಮುಂದಿನ ಸಲ ಗಜೇಂದ್ರಗಡಕ್ಕೆ ಹೋದಾಗ ಹುಸೇನಬಿಯನ್ನು ಮಾತಾಡಿಸಿದೆ. ಅವಳು ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು:

"ಬಾಯಾರ, ಲಗ್ನ ಆಗಿ ಬಂದಾಗಿಂದ ಡೋಲಿನ ಮ್ಯಾಲ ಹಿಟ್ಟು ನಾದೇನ್ರಿ. ತುತ್ತೂರ್ಯಾಗ ಸೌಟು ಸಿಗಸೇನಿ. ನನ್ನ ಹೆರಿಗಿ ಆದಾಗ ಪಕ್ಕದಾಗ ಇವರು ತಾಲೀಮು ಮಾಡ್ತಿದ್ರು, ಕೂಸಿನ ಅಳು ನನಗ ಕೇಳಸಲಿಲ್ಲ. ಈಗ ಜಾಗಾ ನಂದು ಅಂತ ಸರ್ಕಾರದ ಶಿಕ್ಕಾ ಹೊಡದು ಕೊಟ್ಟೀರಿ."

"ಅದು ಸರ್ಕಾರದ ಶಿಕ್ಕಾ ಅಲ್ಲವಾ, ನಮ್ಮ ಆಫೀಸಿಂದು."

"ಯಾರದರ ಇರ್ಲಿ, ಶಿಕ್ಕಾ ಐತೆಲ್ಲ?"

ಆ ದಿನವೇ ಅವಳು ಇನ್ನೊಂದು ಮಾತು ಕೇಳಿದಳು. ನಿಮ್ಮ ಕಚೇರಿಯಲ್ಲಿ ಅಂಗಡಿ ಖಾಲಿಯಾದರೆ ಬೇಕು ಅನ್ನುವವರ ಹೆಸರು ಬರೆದುಕೊಳ್ಳುತ್ತೀರಂತಲ್ಲ, ನಂದೂ ಬರೆದುಕೊಳ್ಳಿರಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವುದಕ್ಕೆ ಬೇಕು ಅಂದಳು. ಆ ಓಣಿಯಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ರೋಣಕ್ಕೆ ಬಂದು ಕಂಪ್ಯೂಟರಿನಲ್ಲಿ ಬರೆದುಕೊಂಡೆ.

ಲಗ್ನದ ಹಂಗಾಮು ಶುರುವಾಯಿತು. ಒಂದು ದಿನ ದಸ್ತಗೀರಸಾಬರು ತಾಲೀಮು ಮಾಡುವಾಗ ಕಾಲು ಗೆರೆ ದಾಟಿತೆಂದು ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಅವರು ಸಿಟ್ಟಿನಿಂದ ಅಂಗಡಿಯ ಕಡೆಯೇ ಚಾಪೆ ಹಾಸಿಕೊಂಡು ಮಲಗತೊಡಗಿದರು. ಅಂಥ ಒಂದು ಮಧ್ಯಾಹ್ನ ಅವರು ಡೋಲಿಗೆ ತಲೆಕೊಟ್ಟು ನಿದ್ದೆ ಹೊಡೆಯುವಾಗ ನಮ್ಮ ಗುರುಪಾದಪ್ಪನವರು ಫೋನು ಹಿಡಿದು ಬಾಗಿಲಲ್ಲಿ ನಿಂತರು. ಫೋಟೋ ತೆಗೆದರು. ಫೋನು ಕೇಳಿತು: ಅಂಗಡಿಯಲ್ಲಿ ಯಾರಾದರೂ ವಾಸವಾಗಿದ್ದಾರೆಯೇ?

ಅಂದು ಅವರು ಒತ್ತಿದ ಹೌದು ಖರೇ ಆಗಿತ್ತು. ಅದೊಂದೇ ಸಲ.

ಮರುದಿನ ನನ್ನ ಪ್ರಿಂಟರಿನಿಂದ ನೋಟಿಸು ತಾನಾಗಿ ಹೊರಬಂತು. ವ್ಯಾಪಾರದ ಜಾಗವನ್ನು ವಾಸಕ್ಕೆ ಬಳಸಿದ್ದರಿಂದ ದಸ್ತಗೀರಸಾಬರು ಅಂಗಡಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಕೀಲಿ ಹಾಕಲಾಗುವುದು. ಕೆಳಗೆ ನನ್ನದೇ ಹೆಸರು. ನಾನು ಸಾವಕಾರ್ರ ಬಳಿಗೆ ಓಡಿದೆ.

"ಸಾವಕಾರ್ರ, ಅವರು ಗಂಡ ಹೆಂಡತಿ ಅದಾರ್ರಿ. ಒಂದ ಮನ್ಯಾಗ ಇರೂವ್ರು. ಗೋಡಿ ಇಲ್ಲ, ಏನಿಲ್ಲ."

"ಕಂಪ್ಯೂಟರ್‌ದಾಗ ಗೋಡಿ ಐತೋ ಇಲ್ಲೋ?"

"ಐತ್ರಿ."

"ಮತ್ತ? ನರಗುಂದದ ಮಾಸ್ತರ ವಿಷಯದಾಗ ಒಮ್ಮೆ ಸಡ್ಲ ಬಿಟ್ಟೀವಿ. ಸತ್ತಾವ್ರನ್ನ ಬದುಕಿಸಿ ಕೊಟ್ಟೀವಿ. ಎಲ್ಲಾರ್ಗೂ ಹಂಗ ಮಾಡ್ಕೋತ ಹೋದ್ರ ಇಷ್ಟು ರೊಕ್ಕ ಕೊಟ್ಟು ಅದನ್ನ ಯಾಕ ತಂದೆ ನಾ?"

ಸಾವಕಾರ್ರು ಕೆಟ್ಟ ಮನುಷ್ಯರಲ್ಲ. ಅವರ ತಂದೆಯ ಕಾಲದಿಂದ ಯಾವ ಬಾಡಿಗೆದಾರನನ್ನೂ ಬೀದಿಗೆ ಹಾಕಿದ ಮನೆತನವಲ್ಲ ಅದು. ಆದರೆ ಹೊಸ ಯಂತ್ರದ ಎದುರು ಅವರು ಹೊಸ ಅಳಿಯನ ಎದುರು ನಿಂತ ಮಾವನ ಹಾಗೆ ಆಗಿಬಿಟ್ಟಿದ್ದರು. ಅದು ಏನು ಕೇಳಿದರೂ ಕೊಡುವುದು, ಏನು ಅಂದರೂ ತಲೆ ಆಡಿಸುವುದು.

ನೋಟಿಸಿನ ಗಡುವು ಮುಗಿದ ದಿನ ಗುರುಪಾದಪ್ಪನವರೂ ನಾನೂ ಕೀಲಿ ತೆಗೆದುಕೊಂಡು ಗಜೇಂದ್ರಗಡಕ್ಕೆ ಹೋದೆವು. ಓಣಿಗೆ ಹೋಗಿ ನೋಡಿದರೆ ಬ್ಯಾಂಡಿನವರೆಲ್ಲ ಕೆಂಪು ಕೋಟು ಹಾಕಿಕೊಂಡು ರಸ್ತೆಯಲ್ಲಿ ನಿಂತಿದ್ದರು. ಅಂದು ಮಧ್ಯಾಹ್ನ ಅಸೂಟಿಯಲ್ಲಿ ಲಗ್ನ. ಟಂಟಂ ಗಾಡಿ ಬಂದು ಕಾಯುತ್ತಿತ್ತು. ಡೋಲು, ತುತ್ತೂರಿಗಳೆಲ್ಲ ಒಳಗೇ ಇದ್ದವು.

"ಗುರುಪಾದಪ್ಪಾರ, ಇವತ್ತೊಂದಿನ ಬಿಡ್ರಿ" ಅಂದರು ದಸ್ತಗೀರಸಾಬರು. "ವರನ ಕಡೆಯವ್ರು ಫೋನ್ ಮ್ಯಾಲ ಫೋನ್ ಹಚ್ಚಾಕತ್ತಾರ. ಈ ಹಂಗಾಮಿನ್ಯಾಗ ಒಂದು ಲಗ್ನ ತಪ್ಪಿಸಿದ್ರ ಮುಂದ ಯಾರೂ ಕರಿಯೂದಿಲ್ರಿ."

ಗುರುಪಾದಪ್ಪನವರು ಅಭ್ಯಾಸಬಲದಿಂದ "ಹೌದ್ರಿ" ಅಂದರು. ಆದರೆ ಕೀಲಿ ಕಿಸೆಗೆ ಹೋಗಲಿಲ್ಲ. ಸಾವಕಾರ್ರಿಗೂ ಅವರು ಹೌದು ಅಂದು ಬಂದಿದ್ದರು. ಎರಡು ಹೌದುಗಳ ನಡುವೆ ಸಿಕ್ಕಿಕೊಂಡು, ಬಾಗಿಲು ಎಳೆದರು. ಆಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು.

"ಒಳಗ ಯಾರದಾರ್ರಿ?"

"ನಾ ಅದೀನಿ" ಅಂದಳು ಹುಸೇನಬಿ.

"ಹೊರಗ ಬರ್ರೆವಾ, ಕೀಲಿ ಹಾಕಬೇಕು."

"ಅಂಗಡಿಗೆ ಹಾಕ್ರಿ. ನಾ ನನ್ನ ಮನ್ಯಾಗ ಅದೀನಿ. ಬಾಡಿಗಿ ತುಂಬೇನಿ, ಶಿಕ್ಕಾ ಐತಿ."

ಅಂಗಡಿಗೂ ಮನೆಗೂ ಇದ್ದದ್ದು ಒಂದೇ ಬಾಗಿಲು. ಕೀಲಿ ಹಾಕಿದರೆ ಅವಳು ಒಳಗೇ ಉಳಿಯುತ್ತಿದ್ದಳು, ಹಾಕದಿದ್ದರೆ ನೋಟಿಸು ಸುಳ್ಳಾಗುತ್ತಿತ್ತು. ಓಣಿಯ ಜನ ಸೇರಿದರು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಬಂದರು. ಮಿರ್ಚಿ ಮಾರುವವ ಗಾಡಿಯನ್ನು ಇಲ್ಲಿಗೇ ತಳ್ಳಿಕೊಂಡು ಬಂದ. ಒಬ್ಬರು, ಕಿಟಕಿಯಿಂದ ಹೆಂಗಸನ್ನು ಇಳಿಸಿರಿ ಅಂದರು. ಕಿಟಕಿ ಇರಲಿಲ್ಲ. ಇನ್ನೊಬ್ಬರು, ಬಾಗಿಲ ಅರ್ಧಕ್ಕೆ ಮಾತ್ರ ಕೀಲಿ ಹಾಕಿರಿ ಅಂದರು. ಗುರುಪಾದಪ್ಪನವರು ಅದನ್ನು ಮಾಡಿಯೂ ನೋಡಿದರು. ನಾನು ಒಂದು ಕಿವಿ ಮುಚ್ಚಿಕೊಂಡು ಪ್ರಶಾಂತರಿಗೆ ಫೋನು ಹಚ್ಚಿದೆ. ಏನಾದರೂ ಮಾಡಿ ಇದನ್ನು ನಿಲ್ಲಿಸಿರಿ ಅಂದೆ.

"ನಿಲ್ಲಸಾಕ ಬರೂದಿಲ್ರಿ ಅಕ್ಕಾರ. ಗಡುವು ಮುಗದೇತಿ. ಅಂಗಡಿ ಈಗ ಖಾಲಿ ಅಂತ ತೋರಸಾಕತ್ತೇತಿ. ಕ್ಷಣಾ ತಡೀರಿ... ಓಹೋ, ಮುಂದಿನವ್ರಿಗೆ ತಾನ ಕೊಟ್ಟಬಿಟ್ಟೇತ್ರಿ. ಈಗ ಸಂದೇಶ ಹೋತು."

"ಮುಂದಿನವ್ರು ಅಂದ್ರ ಯಾರು?" ಅಂತ ಕೇಳುತ್ತಿದ್ದಂತೆಯೇ ನನಗೆ ನೆನಪಾಯಿತು. ಆ ಓಣಿಯ ಅಂಗಡಿಗೆ ಹೆಸರು ಬರೆಸಿದವರು ಒಬ್ಬರೇ.

ರೊಟ್ಟಿಯ ಸಪ್ಪಳ ನಿಂತಿತ್ತು. ಆಮೇಲೆ ಹುಸೇನಬಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಬಾಗಿಲಿಗೆ ಬಂದಳು. ಕನ್ನಡಕ ಹಣೆಯ ಮೇಲಿಂದ ಇಳಿಸಿ, ಅಷ್ಟು ಜನರ ಎದುರಿಗೆ ಒಂದೊಂದೇ ಅಕ್ಷರ ಓದಿದಳು.

"ಅಂಗಡಿಯನ್ನು ತಮಗೆ ನೀಡಲಾಗಿದೆ. ಕೀಲಿಯನ್ನು ಮ್ಯಾನೇಜರ್ ಅವರಿಂದ ಪಡೆದುಕೊಳ್ಳಿರಿ." ತಲೆ ಎತ್ತಿದಳು. "ಮ್ಯಾನೇಜರ್ ಯಾರು?"

ಗುರುಪಾದಪ್ಪನವರು ಟೊಪ್ಪಿಗೆ ತೆಗೆದರು. ಜೀವನದಲ್ಲಿ ಇಷ್ಟು ಸುಲಭದ ಹೌದು ಅವರಿಗೆ ಸಿಕ್ಕಿರಲಿಲ್ಲ. ಎರಡೂ ಕೈಯಿಂದ ಕೀಲಿಯನ್ನು ಅವಳ ಕೈಗೆ ಕೊಟ್ಟರು. ಯಾರೋ ಚಪ್ಪಾಳೆ ಹೊಡೆದರು. ದಸ್ತಗೀರಸಾಬರು ಚಪ್ಪಾಳೆ ಹೊಡೆಯಲಿಲ್ಲ. ರಸ್ತೆಯ ನಡುವೆ ಬಂಗಾರದ ಪಟ್ಟಿಯ ಕೆಂಪು ಕೋಟಿನಲ್ಲಿ, ತಮ್ಮ ಬಾಗಿಲನ್ನು ಬೇರೆಯವರ ಬಾಗಿಲಿನಂತೆ ನೋಡುತ್ತ ನಿಂತಿದ್ದರು. ಆ ಮನುಷ್ಯನ ಮುಖ ನಾನು ನೋಡಿದೆ.

ಹುಸೇನಬಿಯೂ ನೋಡಿದಳು. ಹೊಸ್ತಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಸಾಮಾನು ಲಗೂ ತುಂಬ್ರಿ. ಮಂದಿ ಲಗ್ನ ಕೆಡಸಬ್ಯಾಡ್ರಿ. ಸಂಜಿಕ ಬಂದಮ್ಯಾಲೆ ಮಾತಾಡೂಣು."

ಡೋಲು, ತುತ್ತೂರಿ ಎಲ್ಲ ಗಾಡಿಗೆ ಬಂದವು. ಕಡೆಯಲ್ಲಿ ಅವಳು ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಗಂಟನ್ನು ಗಂಡನ ಕೈಗೆ ಕೊಟ್ಟಳು. ಟಂಟಂ ಓಣಿಯ ತಿರುವು ದಾಟಿತು. ಆಮೇಲೆ ಜನ ಮಿರ್ಚಿ ಗಾಡಿಯ ಕಡೆ ತಿರುಗಿದರು.

ಕಂಪ್ಯೂಟರ್ ಬರಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಬಂದದ್ದರಿಂದ ನನ್ನ ಬೆನ್ನು ಉಳಿಯಿತು, ಕಣ್ಣು ಉಳಿಯಿತು. ಇರ್ಫಾನ ಇರ್ಫಾನನೇ ಆದ, ಅವನಿಗೆ ತನ್ನ ಹೆಸರಿನಲ್ಲಿ ಚೀಟಿ ತೋರಿಸಿ ಬ್ಯಾಂಕಿನಲ್ಲಿ ಸಾಲವೂ ಸಿಕ್ಕಿತು. ಪ್ರಶಾಂತ ಆ ಗಲಾಟೆಯ ನಂತರ 'ವಾಸ ಮತ್ತು ವ್ಯಾಪಾರ' ಎಂಬ ಮೂರನೆಯ ಉತ್ತರವನ್ನು ಸೇರಿಸಿದರು, ಸತ್ತವರು ವಾಪಸು ಬರುವುದಕ್ಕೂ ಒಂದು ದಾರಿ ಮಾಡಿದರು. ಗುರುಪಾದಪ್ಪನವರ ಫೋನಿನಲ್ಲಿ ಪ್ರಶ್ನೆಗಳನ್ನು ತಿರುಗಿಸಿ ಬರೆದರು. ಬಾಡಿಗೆದಾರರು ಆರೋಗ್ಯವಾಗಿದ್ದಾರೆಯೇ, ಗೋಡೆ ಗಟ್ಟಿಯಾಗಿದೆಯೇ ಅಂತ. ಅಲ್ಲಿಂದ ಮೂರೂ ಊರಲ್ಲಿ ನಮ್ಮ ಯಾವ ಗೋಡೆಯೂ ಬಿರುಕು ಬಿಡಲಿಲ್ಲ. ಸಾವಕಾರ್ರ ಫೋನೂ ಟಿಣ್ ಅನ್ನತೊಡಗಿತು. ಅದು ಮೊದಲ ಸಲ ಅಂದದ್ದು ತೀರಿಕೊಂಡ ಊರ ಹಿರಿಯರೊಬ್ಬರ ದಿನಕರ್ಮದಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಕೂತಾಗ, ಒಂದರ ಹಿಂದೆ ಒಂದು. ಅಲ್ಲಿಂದ ಬಂದವರೇ ಸಪ್ಪಳ ತೆಗೆಸಿಬಿಟ್ಟರು.

ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಕೀಲಿಯೊತ್ತುವ ಮುಂಚೆ ಬಸ್ಸು ಹತ್ತಿ ಒಮ್ಮೆ ಆ ಜಾಗಕ್ಕೆ ಹೋಗಿ ಬನ್ನಿ. ಎಷ್ಟು ಬಾಗಿಲಿವೆ ನೋಡಿ ಬನ್ನಿ.

ಆ ಲಗ್ನ ಮುಗಿದು ಕೆಲವು ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರೂ ರೋಣಕ್ಕೆ ಬಂದರು. ಬ್ಯಾಂಡಿನ ಬೋರ್ಡಿನ ಕೆಳಗೆ ಈಗ ಖಡಕ್ ರೊಟ್ಟಿಯ ಬೋರ್ಡು ಬಂದಿತ್ತು. ಬಸ್ ಸ್ಟ್ಯಾಂಡಿನ ಪಕ್ಕವಾದ್ದರಿಂದ ವ್ಯಾಪಾರ ಚಲೋ ನಡೆದಿತ್ತು. ಅಂಗಡಿಯೂ ಅವಳದು, ಮನೆಯೂ ಅವಳದು. ಒಬ್ಬಳ ಹೆಸರಿಗೆ 'ಈಗಾಗಲೇ ಇದ್ದಾರೆ' ಅನ್ನಬೇಕಾದ ಕಂಪ್ಯೂಟರ್, ತಾನೇ ಕೊಟ್ಟದ್ದಾದ್ದರಿಂದಲೋ ಏನೋ, ತುಟಿ ಬಿಚ್ಚಿರಲಿಲ್ಲ. ಆದರೆ ದಸ್ತಗೀರಸಾಬರಿಗೆ ಅದರಲ್ಲಿ ಎಲ್ಲೂ ಜಾಗವಿರಲಿಲ್ಲ. ಅವರ ಹೆಸರಿನ ಮುಂದೆ 'ಸ್ಥಳ ಬಿಟ್ಟಿದ್ದಾರೆ' ಅಂತ ಇತ್ತು.

ಹುಸೇನಬಿ ಕುರ್ಚಿಯಲ್ಲಿ ಕೂತಳು. ದಸ್ತಗೀರಸಾಬರು ಕೈಚೀಲ ಹಿಡಿದು ಅವಳ ಹಿಂದೆ ನಿಂತರು.

"ಬಾಯಾರ, ನನ್ನ ಜಾಗಾದಾಗ ಇನ್ನೊಬ್ರನ್ನ ಇಟ್ಟುಕೊಬೋದೇನ್ರಿ?"

"ಇಟ್ಟುಕೊಬೋದವಾ. ಹೆಸರು ಹಾಕಬೇಕು ಅಷ್ಟ."

"ಹಾಕ್ರಿ. ದಸ್ತಗೀರಸಾಬ."

ಹಾಕಿದೆ. ಕಂಪ್ಯೂಟರ್ ಮುಂದಿನ ಪ್ರಶ್ನೆ ಕೇಳಿತು: ಬಾಡಿಗೆದಾರರಿಗೂ ಇವರಿಗೂ ಇರುವ ಸಂಬಂಧವೇನು? ಅದರ ಕೆಳಗೆ ಉತ್ತರಗಳಿದ್ದವು. ನಾನು ಓದಿ ಹೇಳಿದೆ. "ಕುಟುಂಬದವರು. ಕೆಲಸದವರು. ಅತಿಥಿ. ಇತರೆ. ಯಾವುದು ಒತ್ತಲಿ?"

ಹುಸೇನಬಿ ಕೂತಲ್ಲಿಂದಲೇ ತಿರುಗಿ ಗಂಡನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದಳು. ಅವರು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

"ಈಗ ಇತರೆ ಅಂತ ಇರ್ಲಿ" ಅಂದಳು. "ನಡತಿ ನೋಡಿ ಮುಂದ ಬದಲಿ ಮಾಡಸ್ತೀನಿ."